ಮೂರನೇ ಸಲದ ಮೊಟ್ಟೆಗಳು

ಫೆಬ್ರವರಿ 9

ಅತ್ತಿಗೆಯವರಿಗೆ,

ನಿಮ್ಮ ಫೋನಿಗೆ ಹನ್ನೊಂದು ಸಲ ಕರೆ ಮಾಡಿದೆ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ ಎಂದು ಅರ್ಥವಾಗಲು ಅಷ್ಟು ಬೇಕಾಯಿತು. ಅದಕ್ಕೇ ಈ ಕಾಗದ.

ವಿಷಯ ಇಷ್ಟೇ. ಅಣ್ಣನ ಆರು ನೋಟ್‌ಪುಸ್ತಕಗಳು ನನಗೆ ಬೇಕು. ಅವು ಏನೆಂದು ನೀವು ಯಾವತ್ತೂ ಕೇಳಿದವರಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಅಣ್ಣ ಬೆಳಿಗ್ಗೆ ಗಡಿಯಾರದ ಅಂಗಡಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಅಂಗಡಿ ಮುಚ್ಚಿದ ನಂತರ ಇಡೀ ದಿನ, ಹಿಂದಿನ ಕೋಣೆಯಲ್ಲಿ ಕೂತು ಎಂಟು ವರ್ಷ ಒಂದೇ ಜಾತಿಯ ಮೀನನ್ನು ನೋಡಿದ. ಡ್ವಾರ್ಫ್ ಸಿಕ್ಲಿಡ್. ಕಿರುಬೆರಳಿನಷ್ಟೂ ಉದ್ದವಿಲ್ಲದ ಹೆಣ್ಣು ಮೀನು ಅಡ್ಡಲಾಗಿ ಮಲಗಿಸಿದ ಮಣ್ಣಿನ ಕುಡಿಕೆಯ ಒಳಮಾಡಿಗೆ, ಅಂದರೆ ಒಳಚಾವಣಿಗೆ, ಮೊಟ್ಟೆ ಅಂಟಿಸಿ, ಮೈಯೆಲ್ಲ ಹಳದಿಯಾಗಿ, ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಕೆಲವು ಸಲ ತಾನೇ ಆ ಮೊಟ್ಟೆಗಳನ್ನು ತಿಂದುಬಿಡುತ್ತದೆ. ಯಾವಾಗ ತಿನ್ನುತ್ತದೆ, ಯಾವಾಗ ಸಾಕುತ್ತದೆ ಎಂಬುದೇ ನಮ್ಮ ಪ್ರಶ್ನೆ. ಅವನು ಎಣಿಸಿ ಬರೆಯುತ್ತಿದ್ದ, ಭಾನುವಾರ ಫೋನಿನಲ್ಲಿ ನನಗೆ ಓದಿ ಹೇಳುತ್ತಿದ್ದ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನಾನು ಅದಕ್ಕೊಂದು ರೂಪ ಕೊಟ್ಟೆ. ನಮ್ಮಿಬ್ಬರ ಹೆಸರಿನ ಲೇಖನವನ್ನು ಒಂದು ಪತ್ರಿಕೆ ಒಪ್ಪಿಕೊಂಡಿದೆ. ಸಂಪಾದಕರು ಮೂಲ ಪುಸ್ತಕಗಳನ್ನು ಕೇಳಿದ್ದಾರೆ. ಅಣ್ಣ ಹೋಗಿ ನಾಲ್ಕು ತಿಂಗಳಾಯಿತು. ಅವನ ಹೆಸರು ಅಚ್ಚಾಗುವುದು ಈಗ ನಿಮ್ಮ ಕೈಯಲ್ಲಿದೆ.

ಪುಸ್ತಕಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಮೀನುಗಳು ಇನ್ನೂ ಬದುಕಿವೆಯೋ ಇಲ್ಲವೋ ಅದನ್ನೂ ತಿಳಿಸಿ.

ನಿಮ್ಮ ನಾದಿನಿ


ಫೆಬ್ರವರಿ 20

ಪ್ರೊಫೆಸರ್ ಮೇಡಂ ಅವರಿಗೆ,

ಬಿಡಿಸಿ ಹೇಳಿದ್ದಕ್ಕೆ ಉಪಕಾರವಾಯಿತು. ಇಪ್ಪತ್ತೆರಡು ವರ್ಷ ಅದೇ ಮನೆಯಲ್ಲಿ ಬಾಳಿದವಳಿಗೆ ಹಿಂದಿನ ಕೋಣೆಯಲ್ಲಿ ಏನಿತ್ತು ಎಂದು ಈಗ ತಿಳಿಯಿತು.

ನಾನು ಬಟ್ಟೆ ಹೊಲಿಯುವವಳು. ಹದಿನಾಲ್ಕು ಟ್ಯಾಂಕಿನ ತೇವಕ್ಕೆ ಗಿರಾಕಿಗಳ ಬಟ್ಟೆಗೆ ಬೂಷ್ಟು ಹಿಡಿದಾಗ ಮತ್ತೆ ಒಗೆದು ಇಸ್ತ್ರಿ ಮಾಡಿದವಳೂ ನಾನೇ. ನಿಮ್ಮಣ್ಣನ ದೇಹ ಹೊರಗಿನ ಕೋಣೆಯಲ್ಲಿ ಮಲಗಿದ್ದಾಗ ನೀವು ಊರಿಂದ ಬಂದಿರಿ, ಅರ್ಧ ಗಳಿಗೆ ಅತ್ತಿರಿ, ಎದ್ದು ಒಳಗೆ ಹೋಗಿ ನೀರಿಗೆ ಥರ್ಮಾಮೀಟರ್ ಹಾಕಿದಿರಿ. ಹೊರಗೆ ಬಂದು ಅಷ್ಟು ಜನರ ಮುಂದೆ "ಹೀಟರ್ ಆಫ್ ಮಾಡಿದ್ದು ಯಾರು?" ಎಂದು ಕೇಳಿದಿರಿ. ಹೌದು, ನಾನೇ ಆಫ್ ಮಾಡಿದ್ದೆ. ಆ ಬೆಳಿಗ್ಗೆ ಅವರು ನೆಲದ ಮೇಲೆ ಬಿದ್ದಿದ್ದರು, ಪಕ್ಕದಲ್ಲಿ ನೀರು ಚೆಲ್ಲಿತ್ತು, ವೈರು ಅದರಲ್ಲೇ ಬಿದ್ದಿತ್ತು. ಎದೆ ನಿಂತದ್ದೋ ಕರೆಂಟು ಹೊಡೆದದ್ದೋ ನನಗೆ ಗೊತ್ತಾಗಲಿಲ್ಲ. ಮೊದಲು ಮೇನ್ ಸ್ವಿಚ್ ಇಳಿಸಿದೆ. ಯಾಕೆಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.

ಪುಸ್ತಕ ಕಳಿಸುವುದಿಲ್ಲ. ಅವು ನನ್ನ ಗಂಡನ ಪುಸ್ತಕಗಳು.

ಮೀನು ಕೇಳಿದಿರಿ. ಹನ್ನೊಂದು ಟ್ಯಾಂಕ್ ಖಾಲಿ ಮಾಡಿದೆ. ಮೂರು ನಡೆಯುತ್ತಿವೆ. ಮೊನ್ನೆ ನಾಲ್ಕನೇ ನಂಬರಿನಲ್ಲಿ ಗಂಡು ಸತ್ತಿತು. ಬಾಲ ಹರಿದು ಚಿಂದಿಯಾಗಿತ್ತು, ಫಿಲ್ಟರಿನ ಹಿಂದೆ ಮೂಲೆ ಹಿಡಿದು ಬಿದ್ದಿತ್ತು. ಹೆಣ್ಣು ಕುಡಿಕೆಯ ಮುಂದೆ ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಇದನ್ನೂ ಲೇಖನದಲ್ಲಿ ಸೇರಿಸಿಕೊಳ್ಳಿ.

ನಿಮ್ಮ ಅಣ್ಣನ ಹೆಂಡತಿ


ಮಾರ್ಚ್ 1

ಅತ್ತಿಗೆಯವರಿಗೆ,

ಗಂಡು ಸತ್ತದ್ದು ಹೆಣ್ಣಿನಿಂದಲ್ಲ, ನಿಮ್ಮಿಂದ. ಅದರಲ್ಲಿ ವಿಚಿತ್ರವೇನೂ ಇಲ್ಲ. ಮೊಟ್ಟೆ ಇಟ್ಟ ಮೇಲೆ ಹೆಣ್ಣು ಗಂಡನ್ನು ಹತ್ತಿರ ಸೇರಿಸುವುದಿಲ್ಲ. ದೊಡ್ಡ ಜಾಗವಿದ್ದರೆ ಅವನು ದೂರ ಸರಿದು ಗಡಿ ಕಾಯುತ್ತಾನೆ. ಎರಡು ಅಡಿ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಮೊಟ್ಟೆ ಕಂಡ ದಿನವೇ ಅವನನ್ನು ಬೇರೆ ಟ್ಯಾಂಕಿಗೆ ಹಾಕಬೇಕಿತ್ತು. ಅಣ್ಣ ಒಂದು ದಿನವೂ ಇದನ್ನು ತಪ್ಪಿಸಿದವನಲ್ಲ. ನಿಮಗೆ ಅದರ ಕಡೆ ಕಣ್ಣಿದ್ದರೆ ತಾನೆ.

ಪುಸ್ತಕದ ವಿಷಯದಲ್ಲಿ ಹಟ ಮಾಡಬೇಡಿ. ನಮ್ಮ ಲೇಖನ ನಿಂತಿರುವುದು ಒಂದೇ ಮಾತಿನ ಮೇಲೆ. ಎಳೆಯ ಹೆಣ್ಣು ಮೊದಲ ಸಲ, ಎರಡನೇ ಸಲ ಮೊಟ್ಟೆ ತಿನ್ನಬಹುದು. ಮೂರನೇ ಸಲದಿಂದ ತಿನ್ನುವುದಿಲ್ಲ, ಸಾಕುತ್ತಾಳೆ. ಅಂದರೆ ತಾಯಿ ಕಲಿಯುತ್ತಾಳೆ. ನಲವತ್ತೊಂದು ಹೆಣ್ಣುಗಳಲ್ಲಿ ಮೂವತ್ತೆಂಟು ಹೀಗೆ. ಇಷ್ಟು ಚೊಕ್ಕವಾದ ಫಲಿತಾಂಶ ಎಲ್ಲಿಯೂ ಸಿಗುವುದಿಲ್ಲ ಎಂದು ಸಂಪಾದಕರೇ ಬರೆದಿದ್ದಾರೆ. ಅದಕ್ಕೇ ಮೂಲ ಕೇಳುತ್ತಿದ್ದಾರೆ.

ಅಣ್ಣ ಹೋದ ದಿನ ಬಂದಾಗ ಕೊನೆಯ ಪುಸ್ತಕವನ್ನು ತಿರುವಿ ನೋಡಿದ್ದೆ. ಅಕ್ಷರ ದಪ್ಪ ದಪ್ಪ, ಸ್ಕೆಚ್ ಪೆನ್ನಿನಲ್ಲಿ, ಪುಟಕ್ಕೆ ನಾಲ್ಕೇ ಸಾಲು. ಅಂಗಡಿ ಮುಚ್ಚಿದ ಮೇಲೆ ಅವನಿಗೆ ಮೈತುಂಬ ಉತ್ಸಾಹ ಬಂದಿತ್ತು ಎಂದು ಆ ಅಕ್ಷರ ನೋಡಿದರೇ ಗೊತ್ತಾಗುತ್ತದೆ. "ಈಗ ಯಾರೂ ವಾಚು ರಿಪೇರಿ ಮಾಡಿಸೋದಿಲ್ಲ ಕಣೇ, ಇನ್ಮೇಲೆ ಪೂರ್ತಿ ನಿನ್ನ ಕೆಲಸಾನೇ" ಎಂದಿದ್ದ. ಅಷ್ಟು ಖುಷಿಯಲ್ಲಿದ್ದವನ ಕೆಲಸವನ್ನು ಹೊಟ್ಟೆಕಿಚ್ಚಿಗೆ ಬಚ್ಚಿಡುತ್ತಿದ್ದೀರಿ.

ಈ ತಿಂಗಳ ಕೊನೆಯೊಳಗೆ ಕಳಿಸಿ.


ಮಾರ್ಚ್ 18

ಮೇಡಂ,

ಪುಸ್ತಕಗಳು ನೀರಿಗೆ ಬಿದ್ದು ಹಾಳಾದವು. ಟ್ಯಾಂಕ್ ಖಾಲಿ ಮಾಡುವಾಗ ಪೈಪು ಜಾರಿತು. ಒಂದಕ್ಷರವೂ ಉಳಿದಿಲ್ಲ.

ಹೇಗೂ ಭಾನುವಾರ ಭಾನುವಾರ ಎಲ್ಲ ಬರೆದುಕೊಂಡಿದ್ದೀರಲ್ಲ. ಅದನ್ನೇ ತೋರಿಸಿ. ಇಲ್ಲವೆ ಲೇಖನವನ್ನು ಬಿಟ್ಟುಬಿಡಿ. ಬಿಟ್ಟರೆ ನಿಮಗೇ ಒಳ್ಳೆಯದು.


ಮಾರ್ಚ್ 25

ಅತ್ತಿಗೆಯವರಿಗೆ,

ನೀರಿಗೆ ಬಿದ್ದ ಪುಸ್ತಕದ ಕಥೆಯನ್ನು ನನ್ನ ವಿದ್ಯಾರ್ಥಿಗಳೂ ಹೇಳುತ್ತಾರೆ, ಇನ್ನೂ ಚೆನ್ನಾಗಿ ಹೇಳುತ್ತಾರೆ. "ನಿಮಗೇ ಒಳ್ಳೆಯದು" ಎಂಬ ಬೆದರಿಕೆಗೂ ನಾನು ಹೆದರುವವಳಲ್ಲ.

ಏಪ್ರಿಲ್ ಹತ್ತರಂದು ನಮ್ಮ ಚಿಕ್ಕಪ್ಪನನ್ನು ಕರೆದುಕೊಂಡು ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಮುಂದಿನ ಕಾಗದ ವಕೀಲರಿಂದ ಬರುತ್ತದೆ. ಅಣ್ಣನ ಆ ಕೆಲಸಕ್ಕೂ ನಿಮಗೂ ಯಾವ ಸಂಬಂಧವೂ ಇಲ್ಲ. ಎಂಟು ವರ್ಷದಲ್ಲಿ ಒಂದು ದಿನ ನೀವು ಆ ಗಾಜಿನೊಳಗೆ ಇಣುಕಿದವರಲ್ಲ. ಒಂದು ಮೊಟ್ಟೆ ಎಣಿಸಿದವರಲ್ಲ. ಎಣಿಸಿದ್ದೆಲ್ಲ ಅವನ ಕಣ್ಣು, ಅವನ ತಾಳ್ಮೆ. ಅದು ಅವನದ್ದು ಮತ್ತು ನನ್ನದು. ನೀವು ಅಡ್ಡ ನಿಂತವರು, ಮೊದಲಿಂದಲೂ.


ಏಪ್ರಿಲ್ 4

ಮೇಡಂ,

ಅವನ ಕಣ್ಣು ಎಂದು ಬರೆದಿದ್ದೀರಿ. ಆ ಒಂದು ಪದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಚಿಕ್ಕಪ್ಪನವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದೆ.

ನಿಮ್ಮಣ್ಣನಿಗೆ ಕಣ್ಣು ಕಾಣುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಅವರಿಗೆ ಇತ್ತೆಂದು ನಿಮಗೆ ಗೊತ್ತು. ಅದು ಕಣ್ಣಿಗೆ ಇಳಿದದ್ದು ಗೊತ್ತಿಲ್ಲ. ನಾಲ್ಕು ವರ್ಷದ ಹಿಂದೆ ಒಬ್ಬರ ವಾಚಿನ ಸ್ಪ್ರಿಂಗನ್ನು ತಪ್ಪು ಕೂರಿಸಿ ಕೊಟ್ಟರು. ಆಮೇಲೆ ಇನ್ನೊಬ್ಬರದು. ಭೂತಗನ್ನಡಿ ಹಾಕಿಕೊಂಡರೂ ಮುಳ್ಳು ಎರಡಾಗಿ ಕಾಣುತ್ತಿತ್ತು. ಅಂಗಡಿ ಮುಚ್ಚಿದ್ದು ಅದಕ್ಕೆ. ಆಸ್ಪತ್ರೆಯಲ್ಲಿ ಎರಡು ಸಲ ಲೇಸರ್ ಮಾಡಿಸಿದೆವು, ಹೋದದ್ದು ಹೋಗಿತ್ತು. "ಅವಳಿಗೆ ಹೇಳ್ಬೇಡ. ಹೇಳಿದ್ರೆ ಭಾನುವಾರ ಬರೀ ಕಣ್ಣಿನ ಮಾತೇ ಆಗುತ್ತೆ, ಮೀನಿನ ಮಾತು ನಿಂತುಹೋಗುತ್ತೆ" ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಕೊಟ್ಟ ಮಾತು. ಅದಕ್ಕೇ ಇಷ್ಟು ದಿನ ಪುಸ್ತಕ ಕಳಿಸಲಿಲ್ಲ. ದಪ್ಪ ಅಕ್ಷರ ಉತ್ಸಾಹದ್ದಲ್ಲ. ಸಣ್ಣಗೆ ಬರೆದರೆ ಅವರಿಗೇ ಕಾಣುತ್ತಿರಲಿಲ್ಲ.

ಇದು ಅರ್ಧ. ಇನ್ನರ್ಧ ನನ್ನದು.

ನಾಲ್ಕನೇ ಪುಸ್ತಕದಿಂದ ಎಣಿಸಿದವಳು ನಾನು. ಮೊದಮೊದಲು ಸರಿಯಾಗಿಯೇ ಎಣಿಸಿದೆ. ಅವರು ಬಳಸುತ್ತಿದ್ದ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ನೀರಿಗಿಳಿಸಿ, ಕುಡಿಕೆಯ ಬಾಯಿಗೆ ಟಾರ್ಚ್ ಬಿಟ್ಟು, ಮಾಡಿನಲ್ಲಿ ಅಂಟಿದ ಕೆಂಪು ಮೊಟ್ಟೆಗಳನ್ನು ಹತ್ತು ಹತ್ತಾಗಿ ಎಣಿಸಿದೆ. ಒಂದು ದಿನ ಹೋಗಿ ನೋಡಿದರೆ ಮೂರನೇ ಸಲ ಇಟ್ಟವಳ ಕುಡಿಕೆಯಲ್ಲಿ ಒಂದೂ ಇರಲಿಲ್ಲ. "ಖಾಲಿ" ಎಂದೆ. ತಟ್ಟೆ ಮುಂದಿಟ್ಟರೆ ಕೈ ತೊಳೆದುಕೊಂಡು ಎದ್ದುಹೋದರು. ಭಾನುವಾರ ನಿಮಗೆ ಹೇಳಿದರು. ಫೋನಿನಲ್ಲಿ ನಿಮ್ಮ ದನಿ ನನ್ನ ಹೊಲಿಗೆ ಯಂತ್ರದ ತನಕ ಕೇಳುತ್ತಿತ್ತು. "ಅಣ್ಣಾ, ಮೂರನೇ ಸಲ ತಿನ್ನಬಾರ್ದು. ನೀನು ಸರಿಯಾಗಿ ನೋಡಿಲ್ಲ. ಇನ್ನೊಂದ್ಸಲ ಸರಿಯಾಗಿ ನೋಡು."

ಕಣ್ಣಿಲ್ಲದವರಿಗೆ ಹಾಗೆ ಹೇಳಿದಿರಿ. ಅವರು "ಹೂಂ, ನೋಡ್ತೀನಿ" ಎಂದು ಫೋನಿಟ್ಟರು. ಅವತ್ತು ಅವರ ಮುಖ ನೀವು ನೋಡಲಿಲ್ಲ, ನಾನು ನೋಡಿದೆ.

ಮುಂದಿನ ಸಲ ಖಾಲಿಯಿದ್ದಾಗ "ಅರವತ್ತು" ಎಂದೆ. ಅದರ ಮುಂದಿನ ಸಲ ಎದ್ದು ನೋಡಲೂ ಇಲ್ಲ. ಕೈಯಲ್ಲಿ ಕೆಲಸವಿತ್ತು, ಮರುದಿನ ಕೊಡಬೇಕಾದ ಪರದೆಗಳು. ಕೂತಲ್ಲಿಂದಲೇ "ಐವತ್ತೈದು" ಎಂದೆ. ಮರಿ ಎಲ್ಲಿ ಎಂದು ಕೇಳಿದರೆ "ಮೀನಂಗಡಿಗೆ ಕೊಟ್ಟೆ" ಎಂದೆ. ಕರುಣೆಯೆಂದು ಹೇಳಿಕೊಳ್ಳಬಹುದು. ಅರ್ಧ ಕರುಣೆ, ಅರ್ಧ ಬೇಸರ. ನಿಮ್ಮ ಮೇಲೆ, ಮೀನಿನ ಮೇಲೆ, ಅವರ ಮೇಲೂ. ನಿಮ್ಮ ಮೂವತ್ತೆಂಟರಲ್ಲಿ ನಾನು ಬಾಯಿಗೆ ಬಂದಂತೆ ಹೇಳಿದವು ಎಷ್ಟು ಎಂದು ಈಗ ನನಗೇ ಗೊತ್ತಿಲ್ಲ.

ಪುಸ್ತಕಗಳು ಒಣಗಿಯೇ ಇವೆ. ಇನ್ನು ಬೇಕೆಂದರೆ ಹೇಳಿ.


ಏಪ್ರಿಲ್ 12

ಅತ್ತಿಗೆಯವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಇದು ಸುಳ್ಳು. ಪುಸ್ತಕ ಕೊಡದಿರಲು ಮೊದಲು ನೀರು ಹುಡುಕಿದಿರಿ, ಈಗ ಅಣ್ಣನ ಕಣ್ಣು. ಅವನಿಗೆ ಕಣ್ಣು ಹೋಗಿದ್ದರೆ ನನಗೆ ಹೇಳದೆ ಇರುತ್ತಿರಲಿಲ್ಲ. ನೆಗಡಿಯಾದರೆ ಹೇಳುತ್ತಿದ್ದವನು.

ನಿಜವೇ ಆಗಿದ್ದರೆ ಅದು ಇನ್ನೂ ಹೇಸಿಗೆ. ಒಬ್ಬ ಕುರುಡನ ಕಣ್ಣಿಗೆ ಮಣ್ಣೆರಚಿದಿರಿ. ಅದನ್ನು ಅವನು ನಂಬಿದ, ಬರೆದ, ಅದರ ಕೆಳಗೆ ಅವನ ಹೆಸರು ಹಾಕಲು ನಾನು ಹೊರಟೆ. ಒಂದೇ ಬಾಣಕ್ಕೆ ಇಬ್ಬರನ್ನು ಹೊಡೆದಿರಿ.

ಪುಸ್ತಕ ಕಳಿಸಿ. ಆಸ್ಪತ್ರೆಯ ಕಾಗದವನ್ನೂ ಕಳಿಸಿ. ನಾನು ಬರುವುದಿಲ್ಲ. ನಿಮ್ಮ ಮುಖ ನೋಡುವ ಮನಸ್ಸಿಲ್ಲ.


ಏಪ್ರಿಲ್ 30

ಆರು ಪುಸ್ತಕ, ಆಸ್ಪತ್ರೆಯ ಮೂರು ಚೀಟಿ, ಈ ಪಾರ್ಸೆಲ್ಲಿನಲ್ಲಿವೆ. ನಾಲ್ಕನೇ ಪುಸ್ತಕದ ಹದಿನೇಳನೇ ಪುಟಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಅಲ್ಲಿಂದ ಮುಂದಿನದೆಲ್ಲ ನನ್ನ ಬಾಯಿ, ಅವರ ಕೈ.

ಇಬ್ಬರನ್ನು ಹೊಡೆದೆ ಎಂದಿರಿ. ಮೂರನೆಯವಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇರಲಿ, ಅದು ನಿಮ್ಮ ಹಳೆಯ ಅಭ್ಯಾಸ.


ಜುಲೈ 2

ಅತ್ತಿಗೆಯವರಿಗೆ,

ಎರಡು ತಿಂಗಳು ಸುಮ್ಮನಿದ್ದೆ. ನಿಮಗೆ ನೆಮ್ಮದಿಯಾಗಿರಬೇಕು.

ಲೇಖನವನ್ನು ವಾಪಸ್ ತೆಗೆದುಕೊಂಡೆ. ದೊಡ್ಡ ಮನಸ್ಸಿನವಳೆಂದು ತಿಳಿಯಬೇಡಿ. ಮೂರು ದಿನ ಆ ದಾರವನ್ನು ಬಿಚ್ಚಿ ಕೈಯಲ್ಲಿ ಹಿಡಿದು ಕೂತಿದ್ದೆ. ಅದನ್ನು ಕಸದ ಬುಟ್ಟಿಗೆ ಹಾಕಿ ಪುಸ್ತಕ ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿಮ್ಮ ಮಾತನ್ನು ಯಾರು ನಂಬುತ್ತಿದ್ದರು? ನಾಲ್ಕನೇ ದಿನ ಐದನೇ ಪುಸ್ತಕದಲ್ಲಿ ಒಂದು ಪುಟ ಸಿಕ್ಕಿತು. ಅಣ್ಣ ಒಂದು ಸಾಲಿನ ಮೇಲೆಯೇ ಇನ್ನೊಂದು ಸಾಲು ಬರೆದುಬಿಟ್ಟಿದ್ದಾನೆ. ಮೊದಲೇ ಬರೆದಿರುವುದು ಅವನಿಗೆ ಕಂಡಿಲ್ಲ. ಅವತ್ತು ಸಂಪಾದಕರಿಗೆ ಬರೆದೆ. ಎಣಿಸಿದವರು ಬೇರೆ, ಲೆಕ್ಕ ನಂಬುವಂಥದ್ದಲ್ಲ ಎಂದಷ್ಟೇ ಹೇಳಿದೆ. ನನ್ನದೇ ಕೈಚಳಕವಿರಬೇಕೆಂದು ಕಾಲೇಜಿನಲ್ಲಿ ಗುಸುಗುಸು ನಡೆದಿದೆ. ನಡೆಯಲಿ.

ಅವನು ಕಣ್ಣಾರೆ ಕಂಡ ಮೊದಲ ಮೂರು ಪುಸ್ತಕಗಳನ್ನು ಮಾತ್ರ ಇಟ್ಟುಕೊಂಡು ಮತ್ತೆ ನೋಡಿದೆ. ಮೂರನೇ ಸಲ ತಿಂದವರೂ ಇದ್ದಾರೆ, ಮೊದಲನೇ ಸಲವೇ ಸಾಕಿದವರೂ ಇದ್ದಾರೆ. ಅವನು ಕನ್ನಡಿ ಇಳಿಸಿದ ದಿನಗಳ ಮರುದಿನವೇ ಹೆಚ್ಚು ತಿಂದಿದ್ದಾರೆ. ಇಣುಕಿದ್ದಕ್ಕೇ ತಿಂದಿರಬೇಕು. ಅದು ಅವತ್ತೇ ಅಲ್ಲಿತ್ತು. ನಾನು ನೋಡಲಿಲ್ಲ. ನನಗೆ ಮೂರನೇ ಸಲ ಬೇಕಾಗಿತ್ತು.

"ಸರಿಯಾಗಿ ನೋಡು" ಎಂದದ್ದು ನೆನಪಿದೆ. ನೀವು ಬರೆಯದೆ ಇದ್ದರೂ ನೆನಪಿರುತ್ತಿತ್ತು.

ನಿಮ್ಮನ್ನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ. ಆದರೆ ಒಂದು ಪ್ರಶ್ನೆ ಇದೆ, ಅದನ್ನು ಕೇಳಲು ನನಗೆ ಬೇರೆ ಯಾರೂ ಇಲ್ಲ. ಅಣ್ಣನಿಗೆ ಗೊತ್ತಿತ್ತೇ? ಅಥವಾ ಎಲ್ಲ ನಿಜವೆಂದು ನಂಬಿಕೊಂಡೇ ಹೋದನೇ? ನಿಜ ಹೇಳಿ. ನನಗೆ ಹಿತವಾಗಲೆಂದು ಏನನ್ನೂ ಸೇರಿಸಬೇಡಿ. ಆ ಉಪಕಾರ ಸಾಕಾಗಿದೆ.


ಜುಲೈ 15

ಮೇಡಂ,

ಹೋದ ತಿಂಗಳು ಕೇಳಿದ್ದರೆ "ಗೊತ್ತಿರಲಿಲ್ಲ, ನಂಬಿದ್ದರು" ಎಂದು ಬರೆಯುತ್ತಿದ್ದೆ. ಅದು ಸುಳ್ಳೂ ಆಗುತ್ತಿರಲಿಲ್ಲ, ಏಕೆಂದರೆ ನಾನು ತಿಳಿದಿದ್ದೇ ಅಷ್ಟು.

ಹತ್ತು ದಿನದ ಹಿಂದೆ ಒಂಬತ್ತನೇ ಟ್ಯಾಂಕಿನಲ್ಲಿ ಕೊಳೆತ ಎಲೆಯೊಂದನ್ನು ತೆಗೆಯಲು ಕೈ ಹಾಕಿದೆ. ಹೆಣ್ಣು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು, ನಾನು ಗಮನಿಸಿರಲಿಲ್ಲ. ಕುಡಿಕೆಯಿಂದ ನುಗ್ಗಿ ಬಂದು ಬೆರಳಿಗೆ ಹೊಡೆಯಿತು. ಮತ್ತೆ ಹೊಡೆಯಿತು. ಸೂಜಿಗೆ ಮರಗಟ್ಟಿದ ಬೆರಳು ನನ್ನದು, ನೋವೇನೂ ಆಗಲಿಲ್ಲ, ಆದರೆ ಬೆಚ್ಚಿ ಕೈ ಹಿಂದೆಗೆದೆ. ಅಷ್ಟು ಚೋಟುದ್ದದ್ದು, ನನ್ನ ಇಡೀ ಕೈಯನ್ನು ಎದುರಿಸಿ ನಿಂತಿತ್ತು. ಎಲೆ ಅಲ್ಲೇ ಇರಲೆಂದು ಬಿಟ್ಟೆ. ಆಮೇಲೆ ದೂರದಿಂದ ನೋಡಿದರೆ ಕುಡಿಕೆಯ ಮಾಡಿನಲ್ಲಿ ಮೊಟ್ಟೆಗಳಿದ್ದವು. ಮೊಟ್ಟೆಯಿಲ್ಲದ ನಾಲ್ಕನೇ ಟ್ಯಾಂಕಿನ ಹೆಣ್ಣಿನ ಮುಂದೆ ಅದೇ ಬೆರಳಿಟ್ಟು ನೋಡಿದೆ. ಅದು ಓಡಿಹೋಗಿ ಗಿಡದ ಹಿಂದೆ ಅಡಗಿತು.

ಆಗ ಹೊಲಿಗೆ ಯಂತ್ರದ ಮುಂದೆ ಕೂತವಳು ಮಧ್ಯಾಹ್ನದವರೆಗೆ ಏಳಲಿಲ್ಲ.

ಕೊನೆಯ ಎರಡು ವರ್ಷ ನಿಮ್ಮಣ್ಣ ಒಂದು ಕೆಲಸ ಮಾಡುತ್ತಿದ್ದರು. "ಎಷ್ಟಿವೆ?" ಎಂದು ನನ್ನನ್ನು ಕೇಳುವ ಮೊದಲು ಅಂಗಿಯ ತೋಳು ಮಡಚಿ, ಟ್ಯಾಂಕಿನ ಅಂಚನ್ನು ತಡವಿಕೊಂಡು, ಕುಡಿಕೆಯ ಬಾಯಿಯ ಹತ್ತಿರ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. "ನೀರು ಯಾಕೆ ಕಲಕ್ತೀರಿ, ನೆಲವೆಲ್ಲ ಒದ್ದೆ" ಎಂದು ನಾನು ರೇಗುತ್ತಿದ್ದೆ. ಕೆಲವು ದಿನ ಅವರು ಕೈಯನ್ನು ಸರಕ್ಕನೆ ತೆಗೆದು ತಮ್ಮಷ್ಟಕ್ಕೆ ನಗುತ್ತಿದ್ದರು. ಎಷ್ಟೋ ದಿನ ನಗುತ್ತಿರಲಿಲ್ಲ. ನಿಧಾನವಾಗಿ ಕೈ ತೆಗೆದು, ಬೆರಳು ಬೆರಳಾಗಿ ಒರೆಸಿಕೊಂಡು, ಕುರ್ಚಿಗೆ ಬಂದು ಕೂತು, ಪೆನ್ನಿನ ಮುಚ್ಚಳ ತೆಗೆದು, ಆಮೇಲೆ ಕೇಳುತ್ತಿದ್ದರು.

"ಎಷ್ಟಿವೆ?"

"ಅರವತ್ತು."

"ಅರವತ್ತು" ಎಂದು ತಾವೂ ಒಮ್ಮೆ ಹೇಳಿ ಬರೆದುಕೊಳ್ಳುತ್ತಿದ್ದರು. ನಕ್ಕ ದಿನವೂ ಅದೇ ದನಿ, ನಗದ ದಿನವೂ ಅದೇ ದನಿ.

ಆದ್ದರಿಂದ ಗೊತ್ತಿತ್ತು. ನನಗಿಂತ ಮೊದಲು, ನಾನು ಬಾಯಿ ತೆರೆಯುವ ಮೊದಲೇ ಗೊತ್ತಿರುತ್ತಿತ್ತು. ಆದರೂ ಕೇಳುತ್ತಿದ್ದರು, ನಾನು ಹೇಳಿದ್ದನ್ನು ಬರೆಯುತ್ತಿದ್ದರು. ನಾನು ಸುಳ್ಳು ಹೇಳುತ್ತಿರುವುದು ತಮಗೆ ಗೊತ್ತೆಂದು ನನಗೆ ತಿಳಿಯದಿರಲಿ ಎಂದು ಬರೆದರೋ, ಭಾನುವಾರ ನಿಮಗೆ ಹೇಳಲು ಏನಾದರೂ ಬೇಕೆಂದು ಬರೆದರೋ ನನಗೆ ತಿಳಿಯದು. ನೀವು ನಿಮಗೆ ಬೇಕಾದದ್ದನ್ನು ಇಟ್ಟುಕೊಳ್ಳಿ. ಯಾವುದೆಂದು ನನಗೆ ಬರೆಯಬೇಡಿ.

ಹಿತವಾಗಲೆಂದು ಏನೂ ಸೇರಿಸಿಲ್ಲ. ನಿಮ್ಮನ್ನು ಮನೆಗೆ ಕರೆಯುವುದೂ ಇಲ್ಲ.

ಒಂಬತ್ತನೇ ಟ್ಯಾಂಕಿಗೆ ಮೂರು ಕಡೆಯೂ ದಪ್ಪ ಬಟ್ಟೆ ಹೊಲಿದು ಇಳಿಬಿಟ್ಟಿದ್ದೇನೆ. ನಿನ್ನೆ ಆಹಾರ ಹಾಕುವಾಗ ಅಂಚನ್ನು ಕೊಂಚ ಸರಿಸಿ ನೋಡಿದೆ. ತಾಯಿ ಕುಡಿಕೆಯಿಂದ ಹೊರಗೆ ಬಂದಿತ್ತು, ಅದರ ಹೊಟ್ಟೆಯ ಕೆಳಗೆ ಮರಿಗಳು ಧೂಳಿನಂತೆ ಓಡಾಡುತ್ತಿದ್ದವು. ಬಟ್ಟೆ ಬಿಟ್ಟು ಬಂದೆ. ಎಷ್ಟಿದ್ದವೆಂದು ಎಣಿಸಲಿಲ್ಲ.